ಫೆಲ್ಸಿಯ ಗುಡ್ಡೆ

ಕುವೈತಿನ ಫಹಾಹೀಲಿನ ಆ ಕಟ್ಟಡದಲ್ಲಿ ಫೋನು ಹೊಡೆದ ಕೂಡಲೇ ಎತ್ತುವವನು ಹೊಸಬ ಅಂತಲೇ ಲೆಕ್ಕ. ಹಳಬರು ಮೊದಲು ಎಣಿಸುತ್ತಾರೆ. ಒಂದು ರಿಂಗ್ ಹೊಡೆದು ನಿಂತರೆ ‘ಮುಟ್ಟಿದೆ, ಎಲ್ಲ ಸರಿ ಉಂಟು’. ಎರಡು ಹೊಡೆದು ನಿಂತರೆ ‘ಪುರುಸೊತ್ತಾದಾಗ ಫೋನು ಮಾಡು’. ಮೂರಾದರೆ ‘ಕೈಯಲ್ಲಿದ್ದದ್ದನ್ನು ಬಿಟ್ಟು ಈಗಲೇ ಮಾಡು’. ಇದನ್ನು ಯಾವ ಪುಣ್ಯಾತ್ಮ ಕಾನೂನು ಮಾಡಿದನೋ ಗೊತ್ತಿಲ್ಲ, ಮಂಗಳೂರು ಕಡೆಯಿಂದ ಕುವೈತಿಗೆ ಬಂದವರೆಲ್ಲ ಹೀಗೆಯೇ ಸಂಸಾರ ನಡೆಸಿದವರು. ವಿಮಾನ ಇಳಿದದ್ದು, ಹೆರಿಗೆಯಾದದ್ದು, ಮಗು ಶಾಲೆಯಿಂದ ಬಂದದ್ದು, ಎಲ್ಲವೂ ಎತ್ತದ ಫೋನಿನಲ್ಲೇ ತಿಳಿಯುತ್ತಿತ್ತು. ಜಿಪುಣರು ಅನ್ನುವವರು ಅನ್ನಲಿ. ಮೊದಮೊದಲು ಜಿಪುಣತನವೇ ಇದ್ದೀತು, ಆಮೇಲೆ ಅದು ಬರೀ ಅಭ್ಯಾಸ. ಅಭ್ಯಾಸವಾದ ಮೇಲೆ ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಜೆರೋಮ್ ಹಳಬರಲ್ಲಿ ಹಳಬ. ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರ ಸ್ಟೋರಿನಲ್ಲಿ ಹದಿನಾರು ವರ್ಷ ಬೋಲ್ಟು, ಬೇರಿಂಗು, ಉಕ್ಕಿನ ಹಗ್ಗ ಕಾಯ್ದವನು. ಹೆಂಡತಿ ಫೆಲ್ಸಿ ನರ್ಸ್. ಕುವೈತಿನ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷ ದುಡಿದು, ಪರೀಕ್ಷೆ ಗಿರೀಕ್ಷೆ ಎಲ್ಲ ಪಾಸು ಮಾಡಿಕೊಂಡು, ೨೦೦೮ರ ಜನವರಿಯಲ್ಲಿ ಐರ್ಲೆಂಡಿಗೆ ಹೋದಳು. ಅಲ್ಲೊಂದು ಹಳ್ಳಿಯ ಅಂಚಿನಲ್ಲಿ ಮುದುಕರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್. ವರ್ಷ ತುಂಬಿದ ಮೇಲೆ ಗಂಡನಿಗೂ ಹನ್ನೆರಡು ವರ್ಷದ ಮಗಳು ಲೊರೈನಳಿಗೂ ವೀಸಾ ಆಗುವುದಿತ್ತು. ಅಲ್ಲಿಯವರೆಗೆ ಅಪ್ಪ ಮಗಳು ಫಹಾಹೀಲಿನ ಮೂರನೆಯ ಮಾಳಿಗೆಯಲ್ಲಿ, ತಾಯಿ ಅಲ್ಲಿ.

ನರ್ಸಿಂಗ್ ಹೋಮಿನ ಹಿಂದೆಯೇ ಕಾಡು ತುಂಬಿದ ಒಂದು ಸಣ್ಣ ಬೆಟ್ಟ. ಅಲ್ಲಿಯವರು ಅದನ್ನು ಮೌಂಟನ್ ಅನ್ನುತ್ತಾರಂತೆ.

“ಎಂತ ಮೌಂಟನ್, ನಮ್ಮ ಕಡೆಯ ಒಂದು ಗುಡ್ಡೆ,” ಅಂದಿದ್ದಳು ಫೆಲ್ಸಿ ಫೋನಿನಲ್ಲಿ. ಅವರ ಮನೆಮಾತು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಹೇಳುತ್ತಿರುವುದು ಅಷ್ಟೆ. “ಹೆಸರು ಉಂಟು, ನನ್ನ ಬಾಯಿಗೆ ಬರುದಿಲ್ಲ. ಗುಡ್ಡೆ ಅಂತಲೇ ಇರ್ಲಿ.”

ಕುವೈತಿನಲ್ಲಿದ್ದಷ್ಟು ವರ್ಷ ಆಕೆ ಹತ್ತಿದ್ದೆಂದರೆ ಮನೆಯ ಮೆಟ್ಟಿಲು, ಅದೂ ಲಿಫ್ಟ್ ಕೆಟ್ಟ ದಿನ. ಲಿಫ್ಟ್ ಕಂಪನಿಯವನ ಮನೆಯ ಲಿಫ್ಟೇ ತಿಂಗಳಿಗೆರಡು ಸಲ ಕೆಡುತ್ತಿತ್ತು ಅನ್ನುವುದು ಬೇರೆ ಮಾತು. ಕಣ್ಣು ಹಾಯಿಸಿದಲ್ಲೆಲ್ಲ ಮಟ್ಟಸ ಮರಳು ನೋಡಿ ನೋಡಿ ಸಾಕಾಗಿದ್ದ ಹೆಂಗಸಿಗೆ ಆ ಗುಡ್ಡೆ ಸಿಕ್ಕಿದ್ದೇ ಹುಚ್ಚು ಹಿಡಿಯಿತು. ಶುಕ್ರವಾರ ಅವಳಿಗೆ ರಜೆ. ಮಧ್ಯಾಹ್ನ ಊಟ ಮುಗಿಸಿ ಹೊರಟರೆ ಕತ್ತಲಾಗುವ ಮುಂಚೆ ಇಳಿಯುವಳು. ಆಮೇಲೆ ಜೆರೋಮ್ ಕಾಲಿಂಗ್ ಕಾರ್ಡು ಹಾಕಿ ಫೋನು ಮಾಡುವನು, ಗಂಟೆಗಟ್ಟಲೆ ಗುಡ್ಡೆಯದೇ ಪುರಾಣ.

ಮೊದಲ ವಾರಗಳಲ್ಲಿ ಅವಳು ಗುಡ್ಡೆಯ ಬುಡದ ಗೇಟಿನಾಚೆ ಲಾರಿ ರಸ್ತೆಯಲ್ಲಿ ಮಾತ್ರ ನಡೆದಿದ್ದಳು. ಕಡಿದ ಮರದ ದಿಮ್ಮಿ ಸಾಗಿಸುವ ರಸ್ತೆ, ಎರಡು ಬದಿಗೂ ಒಂದೇ ಎತ್ತರದ, ಒಂದೇ ಬಣ್ಣದ ಮರಗಳು. ಆಮೇಲೆ ಧೈರ್ಯ ಬಂದು ರಸ್ತೆ ಬಿಟ್ಟಳು. ಮರಗಳ ಒಳಗೆ ಒಂದು ಜಾಗ, ಹಗಲಲ್ಲೂ ಬೆಳಕಿಲ್ಲ, ಹಕ್ಕಿಯ ಸದ್ದಿಲ್ಲ, ಕಾಲಿಟ್ಟರೆ ಹತ್ತಿಯ ಮೇಲೆ ನಡೆದ ಹಾಗೆ ಮೆತ್ತಗೆ. ಅದಕ್ಕೆ ಅವಳು ಸಕ್ರಿಸ್ತಿ ಅಂತ ಹೆಸರಿಟ್ಟಳು. ಊರಿನ ಇಗರ್ಜಿಯಲ್ಲಿ ಪಾದ್ರಿ ಉಡುಪು ಬದಲಿಸುವ ಆ ಕತ್ತಲೆ ಕೋಣೆಯಲ್ಲಿ ಚಿಕ್ಕವಳಿದ್ದಾಗ ಒಮ್ಮೆ ಬಾಗಿಲು ಹಾಕಿಕೊಂಡು ಅತ್ತಿದ್ದಳಂತೆ. ಸಕ್ರಿಸ್ತಿ ದಾಟಿದರೆ ಮರಗಳನ್ನೆಲ್ಲ ಕಡಿದು ಬರಿಯ ಬೊಡ್ಡೆ ಉಳಿದ ಬಯಲು. ಅದಕ್ಕೆ ಕುವೈತಿನ ಮರಳುಗಾಡಿನ ರಸ್ತೆಯ ಹೆಸರು, ಜಹ್ರಾ.

“ನಮ್ಮ ಜಹ್ರಾ ರಸ್ತೆಯ ಹಾಗೆಯೇ, ನಿಲ್ಲಲಿಕ್ಕೊಂದು ನೆರಳಿಲ್ಲ,” ಅಂದಳು.

“ಅಲ್ಲಿ ಬಿಸಿಲೇ ಇಲ್ಲ, ನೆರಳು ಎಂತಕ್ಕೆ ಮಾರಾಯ್ತಿ?”

“ಅದೂ ಹೌದು.”

ಜಹ್ರಾದಿಂದ ಎಡಕ್ಕೆ ನೀರು ಹರಿಯುವ ಒಂದು ತೋಡು. ತೋಡಿನ ಗುಂಟ ಹತ್ತಿದರೆ ಬಂಡೆಯ ಮೆಟ್ಟಿಲುಗಳು, ಅವಕ್ಕೆ ಅತ್ತೆಯ ಹೆಸರು, ಸಿಸಿಲಿಯಾ ಬಾಯಿಯ ಮೆಟ್ಟಿಲು. ಹತ್ತುವಾಗ ಮೊಣಕಾಲು ಅತ್ತೆಯ ಮೊಣಕಾಲಿನಂತೆ ಕಟಕಟ ಅನ್ನುತ್ತದಂತೆ. ಮೆಟ್ಟಿಲ ಮೇಲೆ ಒಂದು ಒರತೆ, ಅದರ ಬದಿಗೆ ಮುಕ್ಕಾದ ಕನ್ಯಾ ಮರಿಯಮ್ಮನ ಪ್ರತಿಮೆ, ಮುಳ್ಳುಮರಕ್ಕೆ ಯಾರ್ಯಾರೋ ಹರಕೆಗೆ ಕಟ್ಟಿದ ಬಟ್ಟೆಯ ಚೂರು. ಫೆಲ್ಸಿಯೂ ಹಳೆಯ ಕರ್ಚೀಫು ಹರಿದು ವೀಸಾಕ್ಕೊಂದು ಕಟ್ಟಿ ಬಂದಿದ್ದಳು. ಒರತೆಯಿಂದ ಇನ್ನಷ್ಟು ಮೇಲೆ ನೆತ್ತಿಯಲ್ಲಿ ಎರಡು ದೊಡ್ಡ ಕಲ್ಲು. ಇಡೀ ಗುಡ್ಡೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಗೇಟಿನ ಹತ್ತಿರ ಬಿಟ್ಟರೆ ಆ ಕಲ್ಲಿನ ಮೇಲೆ ಮಾತ್ರ, ಬೇರೆಲ್ಲಾದರೂ ಒಂದು ಕಡ್ಡಿ ಬಂದು ಹೋದರೆ ಪುಣ್ಯ. ಹಾಗಾಗಿ ಅದು ಸಿಗ್ನಲ್ ಕಲ್ಲು.

ಜೆರೋಮ್ ಇದನ್ನೆಲ್ಲ ಕ್ಯಾಲೆಂಡರಿನ ಮಾರ್ಚ್ ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದಿಟ್ಟಿದ್ದ. ಸ್ಟೋರಿನವನ ಬುದ್ಧಿ, ಯಾವುದು ಎಲ್ಲಿದೆ ಅಂತ ಗುರುತು ಹಾಕದಿದ್ದರೆ ನಿದ್ದೆ ಬರುವುದಿಲ್ಲ. ವಾರವಾರವೂ ಹೊಸ ಗೆರೆ ಸೇರುತ್ತಿತ್ತು. ಬದುಕಿನಲ್ಲಿ ಐರ್ಲೆಂಡಿನ ಮಣ್ಣು ಮೆಟ್ಟದವನಿಗೆ ಆ ಗುಡ್ಡೆಯ ಇಂಚಿಂಚೂ ಬಾಯಿಪಾಠವಾಗಿತ್ತು. ಆದರೂ ಒಳಗೊಳಗೇ ಹೆದರಿಕೆ.

“ಒಬ್ಬಳೇ ಹೋಗಬೇಡ, ಐವಿಯನ್ನು ಕರ್ಕೊಂಡು ಹೋಗು,” ಅನ್ನುತ್ತಿದ್ದ.

ಐವಿ ಅದೇ ನರ್ಸಿಂಗ್ ಹೋಮಿನವಳು, ಉಡುಪಿ ಕಡೆಯ ಹುಡುಗಿ, ಫೆಲ್ಸಿಯ ಪಕ್ಕದ ಕೋಣೆ. “ಅವಳಿಗೆ ಶುಕ್ರವಾರ ಡ್ಯೂಟಿ,” ಅನ್ನುವಳು ಫೆಲ್ಸಿ. “ನೀವು ಸುಮ್ನೆ ಮಂಡೆಬಿಸಿ ಮಾಡ್ಬೇಡಿ. ಇಳಿದು ಗೇಟು ದಾಟಿದ ಕೂಡಲೇ ಒಂದು ರಿಂಗ್ ಕೊಡ್ತೇನೆ, ಆಯ್ತಲ್ಲ?”

ಆಯಿತು. ಅಂದಿನಿಂದ ಪ್ರತಿ ಶುಕ್ರವಾರ ಸಂಜೆ ಒಂದು ರಿಂಗ್ ಬರುವುದು, ಅವನ ಎದೆ ಹಗುರಾಗುವುದು.

ನವೆಂಬರಿನ ಕೊನೆಯ ಶುಕ್ರವಾರ. ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುವ ಕಾಲ, ಇಲ್ಲಿಯ ಗಡಿಯಾರ ಮೂರು ಗಂಟೆ ಮುಂದೆ. ಇವತ್ತು ಸಿಗ್ನಲ್ ಕಲ್ಲಿನ ಆಚೆಯ ಇಳಿಜಾರು ನೋಡಬೇಕು ಅಂತ ಹಿಂದಿನ ದಿನವೇ ಹೇಳಿದ್ದಳು. ಆರೂವರೆಗೆ ಬರಬೇಕಾದ ರಿಂಗ್ ಏಳಾದರೂ ಬರಲಿಲ್ಲ. ಜೆರೋಮ್ ಲೊರೈನಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದ, ಹಾಕಿದ್ದಕ್ಕೇ ಮತ್ತೊಮ್ಮೆ ಹಾಕಿದ. ಏಳೂ ಮೂವತ್ತೈದಕ್ಕೆ ಫೋನು ಹೊಡೆಯಿತು. ಅವನು ಕೈ ಚಾಚದೆ ಎಣಿಸಿದ. ಒಂದು. ನಿಂತಿತು. ಪರದೆಯ ಮೇಲೆ ಫೆಲ್ಸಿಯ ನಂಬರು.

“ಮಮ್ಮಿಯಾ?” ಒಳಗಿನಿಂದ ಲೊರೈನ್ ಕೇಳಿದಳು.

“ಹೌದು. ಮುಟ್ಟಿದಳು. ಬಾ, ಊಟ ಮಾಡುವ.”

ಊಟಕ್ಕೆ ಸಿಗಡಿ ಸಾರು ಇತ್ತು. ಅವನಿಗೆ ಎಂದಿಗಿಂತ ಹೆಚ್ಚು ಹಸಿವಾಗಿತ್ತು, ಎರಡು ಸಲ ಅನ್ನ ಹಾಕಿಕೊಂಡ. ಆಮೇಲೆ ಫೋನು ಮಾಡಿದರೆ ಅವಳ ಫೋನು ಸಿಗಲಿಲ್ಲ. ಹಳ್ಳಿಯಲ್ಲಿ ಆಗಾಗ ಹಾಗಾಗುತ್ತಿತ್ತು, ಮುಟ್ಟಿದ್ದಾಳಲ್ಲ, ನಾಳೆ ಮಾತಾಡಿದರಾಯಿತು ಅಂದುಕೊಂಡ.

ಒಂಬತ್ತಕ್ಕೆ ಐವಿಯ ಫೋನು ಬಂತು. ಅವಳದು ತುಳು ಕನ್ನಡ ಬೆರೆತ ಮಾತು.

“ಜೆರೋಮಣ್ಣ, ಫೆಲ್ಸಿಯಕ್ಕ ನಿಮಗೆ ಫೋನ್ ಮಾಡಿದ್ರಾ? ನಾನು ಡ್ಯೂಟಿಯಲ್ಲಿದ್ದೇನೆ, ಅವರ ಮೊಬೈಲ್ ಹೋಗ್ತಾ ಇಲ್ಲ. ಗುಡ್ಡೆಯಿಂದ ಬಂದಿದ್ದಾರಾ ಅಂತ.”

“ಬಂದಿದ್ದಾಳೆ, ಏಳೂವರೆಗೇ ರಿಂಗ್ ಕೊಟ್ಟಳು. ನಡೆದು ಸುಸ್ತಾಗಿ ಮಲಗಿರಬೇಕು.”

“ಹಾಗಾದ್ರೆ ಡ್ಯೂಟಿ ಮುಗಿಸಿ ಹೋಗುವಾಗ ಬಾಗಿಲು ತಟ್ಟುದು ಬೇಡ ಅಲ್ವಾ?”

“ಬೇಡ ಮಾರಾಯ್ತಿ, ಮಲಗಲಿ ಪಾಪ. ಎಬ್ಬಿಸಬೇಡ.”

ಇಷ್ಟೇ ಮಾತು. ಎಬ್ಬಿಸಬೇಡ ಅಂದವನು ಗಂಡ, ಸರಿ ಅಂದವಳು ಪಕ್ಕದ ಕೋಣೆಯವಳು. ಇಬ್ಬರಿಗೂ ಫೆಲ್ಸಿಯ ಮೇಲೆ ಪ್ರೀತಿ ಇತ್ತು ಅನ್ನುವುದರಲ್ಲಿ ಅನುಮಾನವಿಲ್ಲ.

ಶನಿವಾರ ಹನ್ನೊಂದು ಗಂಟೆಗೆ ಜೆರೋಮ್ ಸ್ಟೋರಿನಲ್ಲಿ ಬೇರಿಂಗ್ ಎಣಿಸುತ್ತಿದ್ದಾಗ ಐವಿ ಮತ್ತೆ ಫೋನು ಮಾಡಿದಳು. ಫೆಲ್ಸಿಯಕ್ಕ ಏಳರ ಡ್ಯೂಟಿಗೆ ಬಂದಿಲ್ಲ. ಕೋಣೆಯ ಬೀಗ ತೆಗೆಸಿ ನೋಡಿದರೆ ಹಾಸಿಗೆ ಮುಟ್ಟಿದ ಗುರುತಿಲ್ಲ. ಗುಡ್ಡೆಗೆ ಹಾಕುವ ಬೂಟೂ ಇಲ್ಲ. ಪೊಲೀಸರಿಗೆ ಹೇಳಿದ್ದಾಗಿದೆ.

ಅವನ ಮುಖ ನೋಡಿಯೇ ಸ್ಟೋರಿನ ಡ್ರೈವರ್ ಧನರಾಜ್ ಗಾಡಿಯ ಕೀಲಿ ತೆಗೆದುಕೊಂಡ. “ಮನೆಗೆ ಹೋಗುವ ಜೆರೋಮಣ್ಣ. ಇಲ್ಲಿ ನಾನು ಹೇಳ್ತೇನೆ,” ಅಂದ.

ಮನೆಗೆ ಮುಟ್ಟುವಷ್ಟರಲ್ಲಿ ಐರ್ಲೆಂಡಿನಿಂದ ಸಾರ್ಜೆಂಟೊಬ್ಬನ ಫೋನು. ಮಾತು ಮೆಲ್ಲಗೆ, ಇಂಗ್ಲಿಷ್ ಮಾತ್ರ ನಾಲಗೆಯಲ್ಲೇ ಸುತ್ತಿ ಬರುವಂಥದು. ಹೆಂಡತಿ ಕೊನೆಗೆ ನಿಮ್ಮನ್ನು ಸಂಪರ್ಕಿಸಿದ್ದು ಯಾವಾಗ ಅಂತ ಕೇಳಿದ.

“ನಿನ್ನೆ, ನಿಮ್ಮ ನಾಲ್ಕೂ ಮೂವತ್ತೈದು. ಗುಡ್ಡೆಯಿಂದ ಇಳಿದು, ಗೇಟು ದಾಟಿದ ಮೇಲೆ.”

“ಗೇಟು ದಾಟಿದೆ ಅಂತ ಆಕೆಯೇ ಹೇಳಿದರಾ?”

“ಹೌದು ಸಾರ್,” ಅಂದ ಜೆರೋಮ್. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವನ ಮಟ್ಟಿಗೆ ಆ ರಿಂಗ್ ಅಂದರೆ ಹೇಳಿದ ಹಾಗೆಯೇ. “ನೂರಕ್ಕೆ ನೂರು ಇಳಿದಿದ್ದಾಳೆ.”

ಅಲ್ಲಿಗೆ ಗುಡ್ಡೆಯನ್ನು ಬಿಟ್ಟು ಬೇರೆಲ್ಲವನ್ನೂ ಹುಡುಕಿದರು. ಹಳ್ಳಿಯ ರಸ್ತೆ, ಬಸ್ ಸ್ಟಾಪು, ಹೊಳೆಯ ದಂಡೆ, ಯಾವುದೋ ಕಾರು ನಿಂತಿತ್ತು ಅಂದವರ ಮನೆಬಾಗಿಲು. ಗಂಟೆ ಒಂದಾಯಿತು, ಎರಡಾಯಿತು. ಜೆರೋಮ್ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ತಿರುಗುತ್ತಿದ್ದ. ಯಾರು ಕರೆದುಕೊಂಡು ಹೋದರೋ, ಎಂತ ಮಾಡಿದರೋ ಅಂತ ಅವನ ತಲೆಯಲ್ಲಿ ಬರಬಾರದ ಯೋಚನೆಗಳೆಲ್ಲ ಬಂದವು. ಗುಡ್ಡೆಯ ಯೋಚನೆ ಮಾತ್ರ ಬರಲಿಲ್ಲ. ಅದು ಮುಗಿದ ವಿಷಯ, ರಿಂಗ್ ಬಂದಾಗಿತ್ತು.

ಮೂರು ಗಂಟೆಗೆ ಲೊರೈನ್ ಸೋಫಾದ ಮೂಲೆಯಿಂದ ಕೇಳಿದಳು. “ಪಪ್ಪಾ, ಮಮ್ಮಿ ಮೂರು ರಿಂಗ್ ಕೊಡ್ಲಿಕ್ಕೆ ಹೋಗಿ, ಲೈನ್ ಕಟ್ಟಾಗಿದ್ರೆ?”

ಜೆರೋಮ್ ಅವಳನ್ನು ನೋಡಿದ. ಹದಿನಾರು ವರ್ಷದಲ್ಲಿ ಒಂದು ಸಲವೂ ಹೊಳೆಯದ ಮಾತು. ರಿಂಗನ್ನು ಫೋನು ಮಾಡಿದವರೇ ನಿಲ್ಲಿಸುತ್ತಾರೆ, ಅದು ತಾನಾಗಿಯೂ ನಿಲ್ಲಬಹುದು ಅಂತ ಕುವೈತಿನ ಯಾವ ಹಳಬನೂ ಲೆಕ್ಕ ಹಾಕಿರಲಿಲ್ಲ. ಸಾರ್ಜೆಂಟನ ನಂಬರನ್ನು ಲೊರೈನಳೇ ಒತ್ತಿ ಕೊಟ್ಟಳು.

“ಸಾರ್, ಆಕೆ ಗುಡ್ಡೆಯಲ್ಲೇ ಇದ್ದಾಳೆ,” ಅಂದ. “ಹೇಳಿದ್ದು ನನ್ನ ತಪ್ಪು. ದಯವಿಟ್ಟು ಮೇಲೆ ಹೋಗಿ.”

ಸಾರ್ಜೆಂಟ್ ಯಾಕೆ ಏನು ಅಂತ ಕೇಳುತ್ತಾ ಕೂರಲಿಲ್ಲ, ಆ ಮನುಷ್ಯನಿಗೆ ದೇವರು ಒಳ್ಳೆಯದು ಮಾಡಲಿ. ಎಲ್ಲಿಂದ ಹುಡುಕಲಿ ಅಂತ ಮಾತ್ರ ಕೇಳಿದ. ಜೆರೋಮ್ ಮಾರ್ಚ್ ತಿಂಗಳ ಹಾಳೆಯನ್ನು ನೆಲದ ಮೇಲೆ ಹಾಸಿ ಮೊಣಕಾಲೂರಿದ. ಆಮೇಲಿನ ಎರಡೂವರೆ ಗಂಟೆ, ಕಂಡರಿಯದ ಬೆಟ್ಟವನ್ನು ಅವನು ಫಹಾಹೀಲಿನ ಮೊಸಾಯಿಕ್ ನೆಲದ ಮೇಲೆ ಕೂತು ಹತ್ತಿದ.

“ಲಾರಿ ರಸ್ತೆಯಲ್ಲಿ ಎರಡನೇ ತಿರುವು. ಬಲಕ್ಕೆ ಮರಗಳ ಒಳಗೆ ಹೋಗಿ. ತುಂಬಾ ಕತ್ತಲೆ ಇರ್ತದೆ, ನೆಲ ಮೆತ್ತಗೆ.”

“ಇದ್ದೇವೆ.”

“ಅದನ್ನು ದಾಟಿದರೆ ಜಹ್ರಾ.”

“ಏನು?”

“ಬಯಲು ಸಾರ್, ಮರ ಕಡಿದ ಬಯಲು. ಅಲ್ಲಿಂದ ಎಡಕ್ಕೆ ನೀರು ಹರೀತದೆ. ಅದರ ಜೊತೆಗೇ ಹತ್ತಿ, ಕಲ್ಲಿನ ಮೆಟ್ಟಿಲುಂಟು. ಜಾರ್ತದೆ, ಜಾಗ್ರತೆ.”

ಗಾಳಿ, ಮುರಿಯುವ ಕಡ್ಡಿ, ಏದುಸಿರು, ನಾಯಿಯೊಂದರ ಬೊಗಳು ಕೇಳುತ್ತಿದ್ದವು. ಗುಡ್ಡೆಯೊಳಗೆ ಸಿಗ್ನಲ್ ಇಲ್ಲದ್ದರಿಂದ ಸಾರ್ಜೆಂಟ್ ಗೇಟಿನಲ್ಲಿ ಒಬ್ಬನ ಕೈಗೆ ಫೋನು ಕೊಟ್ಟು ವಯರ್‌ಲೆಸ್ಸಿನಲ್ಲಿ ಮಾತು ಸಾಗಿಸುತ್ತಿದ್ದ. ಮುಳ್ಳುಮರದ ಬಟ್ಟೆಗಳು ಸಿಕ್ಕವು. ಸಿಗ್ನಲ್ ಕಲ್ಲು ಸಿಕ್ಕಿತು. ಕಲ್ಲಿನ ಬಳಿ ಯಾರೂ ಇರಲಿಲ್ಲ. ಆಚೆಯ ಇಳಿಜಾರು ನೋಡಿ ಅಂದ ಜೆರೋಮ್. ಅದರ ಬಗ್ಗೆ ಹಾಳೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ಬಿಳಿಯ ಕಾಗದ ನೋಡಿಕೊಂಡು ಅವನು ಕಾದು ಕೂತ. ಲೊರೈನ್ ಅವನ ತೋಳು ಹಿಡಿದುಕೊಂಡಿದ್ದಳು.

ಐದೂವರೆಗೆ ಸಿಗ್ನಲ್ ಕಲ್ಲಿನಿಂದ ಮಾತಾಡಿದ್ದು ಐವಿ. ಅವಳೂ ಹುಡುಕುವವರ ಜೊತೆ ಹತ್ತಿದ್ದಳು.

“ಜೆರೋಮಣ್ಣ, ಸಿಕ್ಕಿದ್ರು. ಕಾಲು ಮುರಿದಿತ್ತು. ಮಳೆ, ಚಳಿ. ಜೀವ ಇಲ್ಲ ಜೆರೋಮಣ್ಣ. ಮೈ ಇನ್ನೂ ಸೆಟೆದಿರ್ಲಿಲ್ಲ.”

ಆ ಕಡೆಯ ಮಾತನ್ನು ಅವಳು ಹೇಳಬಾರದಿತ್ತು. ನರ್ಸಲ್ಲವೇ, ಕೈ ಮೊದಲು ನೋಡಿದ್ದನ್ನು ಬಾಯಿ ಹೇಳಿಬಿಟ್ಟಿತು. ಜೆರೋಮನೂ ಹದಿನಾಲ್ಕು ವರ್ಷ ನರ್ಸಿನ ಗಂಡ, ಅದರ ಅರ್ಥ ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸತ್ತು ಹೆಚ್ಚು ಹೊತ್ತಾಗಿರಲಿಲ್ಲ. ರಾತ್ರಿಯಿಡೀ ಬದುಕಿದ್ದಳು. ಅವನು ಎಬ್ಬಿಸಬೇಡ ಅಂದಾಗ ಬದುಕಿದ್ದಳು. ಪೊಲೀಸರು ಬಸ್ ಸ್ಟಾಪಿನಲ್ಲಿ ವಿಚಾರಿಸುತ್ತಿದ್ದಾಗಲೂ ಬದುಕಿದ್ದಳು.

ದೇಹ ಊರಿಗೆ ಬಂತು, ಮಣ್ಣಾಯಿತು. ಅಪ್ಪ ಮಗಳು ಹೋಗಿ ಬಂದರು, ಲೊರೈನಳ ಶಾಲೆ, ಇವನ ಇಕಾಮಾ ಪರವಾನಗಿಯ ಅವಧಿ, ಊರಲ್ಲೇ ಇರಲು ಎಲ್ಲಿ ಬಿಡುತ್ತವೆ. ಊರಲ್ಲೂ ಕುವೈತಿನಲ್ಲೂ ಸಮಾಧಾನ ಹೇಳಲು ಬಂದವರೆಲ್ಲ ಒಂದೇ ಮಾತು ಹೇಳಿದರು, ದೇವರ ಚಿತ್ತ, ನೀವು ಇಷ್ಟು ದೂರದಿಂದ ಏನು ಮಾಡಲಿಕ್ಕಾಗ್ತಿತ್ತು. ಜೆರೋಮ್ ತಲೆಯಾಡಿಸಿದ. ರಿಂಗಿನ ವಿಷಯ ಅವನು ಯಾರಿಗೂ ಬಾಯಿ ಬಿಟ್ಟು ಹೇಳಲಿಲ್ಲ, ಐವಿಯೂ ಹೇಳಲಿಲ್ಲ. ಪಕ್ಕದ ಬಾಗಿಲು ತಟ್ಟದ ಸಂಕಟ ಅವಳಿಗೂ ಇತ್ತು. ಇಬ್ಬರೂ ಒಬ್ಬರಿಗೊಬ್ಬರು ಫೋನು ಮಾಡುವುದನ್ನೇ ನಿಲ್ಲಿಸಿದರು.

ಜನವರಿಯಲ್ಲಿ, ಒಂದು ಶುಕ್ರವಾರ ಮಧ್ಯಾಹ್ನ, ಸಾರ್ಜೆಂಟ್ ಫೋನು ಮಾಡಿದ. ಕಾಗದಪತ್ರ ಮುಗಿಸುವುದಿದೆ, ತನಗೆ ಎರಡು ವಿಷಯ ಅರ್ಥವಾಗಿಲ್ಲ, ನೋವಾಗುವುದಾದರೆ ಹೇಳುವುದು ಬೇಡ ಅಂದ. ಆ ಇಂಗ್ಲಿಷ್ ಸರಿಯಾಗಿ ಕೇಳಲೆಂದು ಜೆರೋಮ್ ಫೋನನ್ನು ಸ್ಪೀಕರಿಗೆ ಹಾಕಿ, ಕೇಳಿ ಸಾರ್ ಅಂದ.

“ಆಕೆ ಬಿದ್ದದ್ದು ಆಚೆಯ ಇಳಿಜಾರಿನಲ್ಲಿ. ಅಲ್ಲಿಂದ ಇನ್ನೂರು ಹೆಜ್ಜೆ ಕೆಳಗೆ ಕಾಡಿನ ರಸ್ತೆ ಉಂಟು, ಬೆಳಿಗ್ಗೆ ಏಳಕ್ಕೆ ಲಾರಿ ಹೋಗ್ತದೆ. ಆಕೆಗೆ ಅದು ಕಾಣ್ತಿತ್ತು. ಆದರೆ ಆಕೆ ಕೆಳಗೆ ಇಳಿಯಲಿಲ್ಲ. ಮುರಿದ ಕಾಲಿನಲ್ಲಿ ತೆವಳಿಕೊಂಡು ಮೇಲಕ್ಕೆ ಹೋಗಿದ್ದಾರೆ, ಆ ಕಲ್ಲುಗಳ ಕಡೆ. ಸುಮಾರು ಎಂಬತ್ತು ಹೆಜ್ಜೆ.”

“ಎರಡನೆಯದು?” ಅಂದ ಜೆರೋಮ್.

“ಇನ್ನೊಂದು, ಆಕೆಯ ಫೋನು. ನಾಲ್ಕೂ ಮೂವತ್ತೈದಕ್ಕೆ ನಿಮಗೆ ಹೋದದ್ದು ಒಂದೇ ಕರೆ. ಆಮೇಲೆ ಬ್ಯಾಟರಿ ಮುಗಿಯುವವರೆಗೆ ಇಪ್ಪತ್ತಮೂರು ಸಲ ಪ್ರಯತ್ನ, ಯಾವುದೂ ಹೋಗಿಲ್ಲ. ಇಪ್ಪತ್ತಮೂರೂ ನಿಮ್ಮ ನಂಬರಿಗೇ. ನಮ್ಮ ತುರ್ತು ನಂಬರಿಗೆ ಒಂದು ಸಲವೂ ಇಲ್ಲ, ಪಕ್ಕದ ಕೋಣೆಯ ಹುಡುಗಿಗೂ ಇಲ್ಲ. ಅಷ್ಟು ದೂರದ ನಿಮಗೇ ಯಾಕೆ?”

ಆಗ ಜೆರೋಮ್ ಹೇಳಿದ. ಒಂದು ರಿಂಗ್ ಅಂದರೆ ಏನು, ಎರಡು ಅಂದರೆ ಏನು, ಮೂರು ಅಂದರೆ ಏನು, ಎಲ್ಲವನ್ನೂ ತನಗೆ ಬರುವ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಮೊದಲ ಸಲ ಒಬ್ಬ ಮನುಷ್ಯನ ಎದುರು ಹೇಳಿದ್ದು ಅದು.

“ಹಾಗಾದರೆ ಒಂದೇ ರಿಂಗ್ ಹೋಗಿ ಲೈನ್ ಕಡಿದದ್ದು ಆಕೆಗೆ ಗೊತ್ತಿತ್ತು,” ಅಂದ ಸಾರ್ಜೆಂಟ್. “ನೀವು ಏನು ಅಂದುಕೊಂಡಿದ್ದೀರಿ ಅಂತಲೂ ಗೊತ್ತಿತ್ತು.”

“ಹೌದು ಸಾರ್.”

“ಅದನ್ನು ಸರಿಮಾಡಲಿಕ್ಕೆ ಮೇಲೆ ಹತ್ತಿದ್ದು.”

“ಹೌದು ಸಾರ್.”

ಸಾರ್ಜೆಂಟ್ ಕ್ಷಮೆ ಕೇಳಿ ಫೋನಿಟ್ಟ. ಜೆರೋಮ್ ತಿರುಗಿದರೆ ಬಾಗಿಲ ಬಳಿ ಲೊರೈನ್ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಲ್ಲ ಕೇಳಿಸಿಕೊಂಡಿದ್ದಳು.

“ಇಪ್ಪತ್ತಮೂರು ಸಲ ಅಂದ್ರಾ?”

“ಹೌದು ಮಗಾ.”

“ಬ್ಯಾಟರಿ ಯಾವಾಗ ಮುಗಿದದ್ದಂತೆ?”

“ಕೇಳಲಿಲ್ಲ.”

ಅವಳು ಲೆಕ್ಕ ಹಾಕುತ್ತಿದ್ದಳು, ಮೂರು ಗಂಟೆ ಕೂಡಿಸಿ, ಕಳೆದು. ಕಣ್ಣಲ್ಲಿ ನೀರಿರಲಿಲ್ಲ. ತಂದೆಯ ಮುಖವನ್ನೇ ನೋಡುತ್ತಾ ಕೇಳಿದಳು.

“ಆಗ ನಾವು ಎಂತ ಮಾಡ್ತಾ ಇದ್ದೆವು ಪಪ್ಪಾ?”

ಸುಳ್ಳು ಹೇಳಬಹುದಿತ್ತು. ಹೇಳಿದರೆ ಅವಳು ನಂಬುತ್ತಿದ್ದಳೋ ಏನೋ, ನಂಬಿದಂತೆ ನಟಿಸಿಯಾದರೂ ನಟಿಸುತ್ತಿದ್ದಳು. ಜೆರೋಮನಿಗೆ ಆಗಲಿಲ್ಲ.

“ನೀನು ಟಿವಿ ನೋಡ್ತಾ ಇದ್ದೆ,” ಅಂದ. “ನಾನು ಎರಡನೇ ಸಲ ಅನ್ನ ಹಾಕಿಕೊಂಡೆ. ಆಮೇಲೆ ಮಲಗಿದೆ. ಚೆನ್ನಾಗಿ ನಿದ್ದೆ ಬಂತು.”